ಹುಬ್ಬಳ್ಳಿ ಮೈದಾನದ ಮಂದಿ

ಕಪ್ಪತಗುಡ್ಡ
ಕ್ರಿ.ಶ. 2319, ಫೆಬ್ರವರಿ ಮೂವತ್ತು

'ಕರಿಸಿಡಿಲು' ಹೆವಿ ಮೆಟಲ್ ತಂಡದ ಹಾಡುಗಾರ ಫಕ್ಕೀರೇಶ ಅವರಿಗೆ,

ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಮಾತನಾಡುವ ರೂಢಿ ತಪ್ಪಿದೆ. ನಾನು ಗಂಗಿಮಾಳ, ಇಲ್ಲಿನ ಗಾಳಿಗಾವಲಿನವಳು. ಗುಡ್ಡಕ್ಕೊಬ್ಬರಂತೆ ಇದ್ದುಕೊಂಡು ಕರೆಂಟಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹಾಗೆನ್ನುತ್ತೇವೆ. ದೊಡ್ಡ ಜ್ವರದ ನಂತರ ಜನ ಗುಂಪುಗೂಡುವುದು ನಿಂತು ತಲೆಮಾರುಗಳೇ ಕಳೆದಿವೆ. ಊಟ ಹಾರುಗಾಡಿಯಲ್ಲಿ ಬಂದು ಅಂಗಳಕ್ಕಿಳಿಯುತ್ತದೆ. ರೊಟ್ಟಿ ಬಿಸಿಮಾಡಿ, ಗೋಡೆಗೆ ಮುಖಮಾಡಿ ಉಣ್ಣುತ್ತೇನೆ. ಎದುರು ಗುಡ್ಡದಲ್ಲಿ ದ್ಯಾಮಣ್ಣನೆಂಬ ಹಿರಿಯರಿದ್ದರು. ಸಂಜೆ ಅವರ ದೀಪ ಹೊತ್ತುವುದು ಕಾಣುತ್ತಿತ್ತು, ಅಷ್ಟೇ ಪರಿಚಯ.

ಹಳೆಯ ಧ್ವನಿಭಂಡಾರದಲ್ಲಿ ನಿಮ್ಮ ಹುಬ್ಬಳ್ಳಿಯ ಲೈವ್ ಆಲ್ಬಂ ಸಿಕ್ಕಿತು. ಮೊದಲ ಗಿಟಾರಿನ ಸದ್ದಿಗೆ ಗಾಳಿಯಂತ್ರವೇ ಕೆಟ್ಟಿತೆಂದು ಹೊರಗೋಡಿದೆ. ಒಳಗೆ ಬಂದಾಗ ಡ್ರಮ್ಸಿನ ಹಿಂದೆ ಇನ್ನೊಂದು ಸದ್ದು ಕೇಳಿಸಿತು. ಜನ, ಸಾವಿರಾರು ಜನ. ಹೆದರಿ ಆರಿಸಿದೆ. ಮತ್ತೆ ಹಚ್ಚಿದೆ.

ಒಂದು ಹಾಡಿನ ನಡುವೆ ನೀವು ಕೂಗಿದಿರಿ: "ಏ, ನಿಲ್ಲಸ್ರೀ! ಮುಂದ ಹುಡುಗಿ ಬಿದ್ದಾಳ. ಹಿಂದ ಸರೀರಿ, ಎಬ್ಬಸ್ರಿ ಆಕಿನ್ನ!" ಗಿಟಾರ್ ನಿಂತಿತು. ಯಾರೋ ನೀರು ಕೇಳಿದರು. ಬಳಿಕ ತೀರ ಸಣ್ಣಗೆ ಒಂದು ಹೆಣ್ಣುದನಿ: "ಅರಾಮ ಅದೀನಿ, ಹಾಡ್ರಿ ನೀವು." ಇಡೀ ಮೈದಾನ ಹೋ ಎಂದಿತು. ನಾನು ಅತ್ತುಬಿಟ್ಟೆ.

ಮಾಗಿಯ ಒಂದು ಸಂಜೆ ದ್ಯಾಮಣ್ಣನವರ ದೀಪ ಹೊತ್ತಲಿಲ್ಲ. ಮೇಲಿನವರಿಗೆ ತಿಳಿಸಿ ಒಳಗಿರುವುದು ನಮ್ಮ ನಿಯಮ. ತಿಳಿಸಿದೆ, ಆದರೆ ಒಳಗಿರಲು ಆಗಲಿಲ್ಲ. ಕಣಿವೆ ಇಳಿದು, ಜಾಲಿಮುಳ್ಳಿನಲ್ಲಿ ಕಾಲು ಗೀರಿಕೊಂಡು ಆಚೆ ಹತ್ತಿದೆ. ಅವರು ಮೈ ಸುಡುವ ಜ್ವರದಲ್ಲಿ ಹೊಸ್ತಿಲ ಮೇಲೆ ಬಿದ್ದಿದ್ದರು. ಎಬ್ಬಿಸಿ ನೀರು ಕುಡಿಸಿದೆ.

"ಯಾರವ್ವಾ ನೀನು?"

"ಎದುರು ಗುಡ್ಡದಾಕಿ, ಕಾಕಾ."

ಅವರು ನನ್ನ ಕೈ ಬಿಡಲಿಲ್ಲ.

ಹಾರುಗಾಡಿ ಔಷಧಿ ಇಳಿಸಿ ಹೋಯಿತು. ಮನುಷ್ಯರು ಯಾರೂ ಬರಲಿಲ್ಲ. ಇಬ್ಬರೂ ನಿಮ್ಮ ಆಲ್ಬಂ ಕೇಳಿದೆವು. ಹಾಡು ಅವರಿಗೆ ಹಿಡಿಸಲಿಲ್ಲ. "ಹಾಡ ಇರ್ಲಿ, ಮಂದಿ ಅದಾರಲ್ಲ, ಜೋರ ಹಚ್ಚವ್ವಾ" ಎನ್ನುತ್ತಿದ್ದರು. ವಾರ ತುಂಬುವ ಮೊದಲೇ ತೀರಿಕೊಂಡರು. ಮಣ್ಣು ಮಾಡಿದವಳು ನಾನೊಬ್ಬಳೇ.

ಮುನ್ನೂರು ವರ್ಷ ಹಿಂದಿರುವ ನಿಮ್ಮನ್ನು ಈ ಪತ್ರ ಹೇಗೆ ಮುಟ್ಟೀತೋ ಅರಿಯೆ. ಮುಟ್ಟಿದರೆ ಒಂದು ಕೇಳಿಕೆ. ಇನ್ನೊಮ್ಮೆ ರೆಕಾರ್ಡ್ ಮಾಡುವಾಗ ಮೈಕನ್ನು ಜನರ ಕಡೆ ತಿರುಗಿಸಿ, ಅವರವರ ಹೆಸರನ್ನು ಅವರಿಂದಲೇ ಕೂಗಿಸಿ. ಎಷ್ಟು ಹೊತ್ತಾದರೂ ಆಗಲಿ. ಒಬ್ಬೊಬ್ಬರನ್ನಾಗಿ ಕೇಳಲು ನನಗೆ ಬೇಕಾದಷ್ಟು ಪುರಸೊತ್ತಿದೆ.

ಗಂಗಿಮಾಳ