ಆ ಗ್ರಹಕ್ಕೆ ಗಾಳಿ ಇದೆಯೇ

೬ ಜನವರಿ, ದೇವದುರ್ಗ

ಶಾಲೆಯಲ್ಲಿ ನಾನು ಮಾಡಿದ ಬಿಸಿಯೂಟದ ಬೇಳೆಗೆ ಉಪ್ಪು ಎರಡು ಸಲ ಬಿತ್ತು. ಮಕ್ಕಳು ಹಾಗೇ ತಿಂದರು. ಈಗ ಯಾರೂ ನನ್ನನ್ನು ಬೈಯುವುದಿಲ್ಲ.

ಮಗಳು ರಾಧಾಳ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿವು. ಹಿಂದಿನ ಪುಟಗಳ ತುಂಬ ಅವಳ ಗ್ರಹ. ಯಾವುದೋ ನಕ್ಷತ್ರ ಸುತ್ತುವ ಕಲ್ಲಿನ ಗುಂಡು. ಅದಕ್ಕೆ ಗಾಳಿ ಇದೆಯೇ ಎಂದು ಮೂರು ವರ್ಷ ಹುಡುಕಿದಳು. ಒಮ್ಮೆ ನನಗೂ ಬಿಡಿಸಿ ಹೇಳಿದ್ದಳು.

"ಅದು ನಕ್ಷತ್ರದ ಹಿಂದ ಹೋದಾಗ ಬೆಳಕು ಒಂದೀಟು ಕಡಿಮಿ ಆಗ್ತದ, ಯವ್ವಾ. ಕಡಿಮಿ ಆದದ್ದಷ್ಟ ಅದರ ಪಾಲು. ಅದರಾಗ ಬಿಸಿ ಅಳಿತೀವಿ. ಅದರ ಒಂದ ಮುಖ ಯಾವಾಗ್ಲೂ ನಕ್ಷತ್ರದ ಕಡಿಗೇ ಇರ್ತದ. ಗಾಳಿ ಇದ್ರ ಬಿಸಿ ಕತ್ತಲ ಕಡಿಗೂ ಹಂಚಿಹೋಗ್ತದ. ಇಲ್ಲಂದ್ರ ಆ ಮುಖ ಅಷ್ಟ ಸುಡ್ತದ."

"ಇದಕ್ಕ ಪಗಾರ ಕೊಡ್ತಾರೇನ ಬೇ?"

"ನಿನ್ನ ಬ್ಯಾಳಿಗಿಂತ ಜಾಸ್ತಿನ ಕೊಡ್ತಾರ!"

೯ ಜನವರಿ

ಅವಳು ತೊಟ್ಟಿಲಲ್ಲಿದ್ದಾಗಲೇ ಮಾತು ಕೊಟ್ಟವಳು ನಾನು. ರಾಧಾ ನನ್ನ ತಮ್ಮ ಅಯ್ಯಪ್ಪನಿಗೇ ಎಂದು. ದೊಡ್ಡವಳಾಗಿ ಒಲ್ಲೆ ಎಂದಳು.

ಹೋದ ವರ್ಷ ಅವನು ಬಂದ ದಿನ ಬಾಗಿಲು ತೆಗೆದವಳೂ ನಾನೇ. ರೊಟ್ಟಿ ಬಡಿಸಿದೆ. ಉಂಡ. ಎದ್ದು ಅವಳ ಲ್ಯಾಪ್‌ಟಾಪ್ ಒರಳಿಗೆ ಬಡಿದ. "ಮುಗಿಲ ನೋಡಾಕಿಗೆ ಮಾವ ಕಾಣಂಗಿಲ್ಲೇನ ಬೇ?" ತುಂಡು ಆಯಲು ಬಗ್ಗಿದಳು. ಅವನ ಕೈಯಲ್ಲಿ ಕುರಿಯ ಉಣ್ಣೆ ಕತ್ತರಿ. ಕುತ್ತಿಗೆಗೆ. ಮತ್ತೆ — ಮತ್ತೆ. ನನ್ನ ಸೆರಗೆಲ್ಲ ಬಿಸಿ.

ಪೊಲೀಸರಿಗೆ ಹೇಳಿದೆ: ನೀರಿಗೆ ಹೋಗಿದ್ದೆ, ನೋಡಿಲ್ಲ. ಎಷ್ಟಾದರೂ ತಮ್ಮ...

೨೧ ಜನವರಿ, ಮಾನ್ವಿ ಬಸ್ ಸ್ಟ್ಯಾಂಡ್

ತವರಿಗೆ ಕರೆಸಿದ್ದರು. ಕೋರ್ಟಿನಲ್ಲೂ ಹಾಗೇ ಹೇಳಬೇಕಂತೆ. ಅವ್ವ ಕಾಲು ಹಿಡಿದಳು. "ಮಗಳು ಹ್ವಾದ್ಲು. ತಮ್ಮನ್ನರ ಉಳಿಸ್ಕೊ, ನಮ್ಮವ್ವಾ."

ಹೂಂ ಅನ್ನಲಿಲ್ಲ. ದೊಡ್ಡಪ್ಪನ ಮಗ ಗದ್ದೆಪ್ಪ ಕೂದಲು ಹಿಡಿದು ಹೊಸ್ತಿಲಿಗೆ ಬಡಿದ. ಎರಡು ಹಲ್ಲು. ಸೆರಗಿನಲ್ಲಿ ಕಟ್ಟಿಕೊಂಡಿದ್ದೇನೆ.

೨ ಫೆಬ್ರುವರಿ

ರಾಧಾಳಿಗೆ ಕಲಿಸಿದ ನಾಗರತ್ನಾ ಮೇಡಂ ಫೋನ್ ಮಾಡಿದರು. ಅವಳ ಲೆಕ್ಕ ಸರಿಯಂತೆ.

"ಗಾಳಿ ಸಿಗಲಿಲ್ರೀ, ಅಮ್ಮಾ. ಬರೇ ಸುಟ್ಟ ಕಲ್ಲಬಂಡಿ. ಇರ್ಲಿ ಅಂತ ಆಕಿಗೆ ಭಾಳ ಆಸಿ ಇತ್ತು. ಆದ್ರೂ ಇಲ್ಲ ಅಂತನ ಬರದಾಳ."

ಒಲೆ ಆರಿತ್ತು. ಮತ್ತೆ ಹಚ್ಚಲಿಲ್ಲ.

೧೮ ಫೆಬ್ರುವರಿ, ರಾಯಚೂರು ಕೋರ್ಟು, ೧೧-೪೦

ಹೊರಗಿನ ಬೆಂಚು. ಅಯ್ಯಪ್ಪನನ್ನು ಕರೆತಂದರು. ನಾನು ಎತ್ತಿ ಆಡಿಸಿದ ಕೂಸು. "ಅಕ್ಕಾ, ಉಂಡೀಯೇನು?" ಎಂದ.

ಸರ್ಕಾರಿ ವಕೀಲರಿಗೆ ಹೇಳಿಬಿಟ್ಟಿದ್ದೇನೆ. ನೀರಿಗೆ ಹೋಗಿರಲಿಲ್ಲ. ಮೂರು ಮೊಳ ದೂರದಲ್ಲಿದ್ದೆ. ಎಷ್ಟು ಸಲ ಎಂದು ಕೇಳಿದರೆ, ಏಳು. ಯಾರು ಎಂದು ಕೇಳಿದರೆ —

"ಯಂಕಮ್ಮ!" ನನ್ನ ಹೆಸರು ಕೂಗಿದರು. ಪೆನ್ನು ಮುಚ್ಚುತ್ತೇನೆ.