ಅಂಬರಾಯನ ಹಾಳೆ

ವಾಡಿ
ಗುರುವಾರ, 16 ನವೆಂಬರ್ 1978

ಗೆಳೆಯ ಭಗವಂತನಿಗೆ ಸೂರ್ಯಕಾಂತನ ನಮಸ್ಕಾರ.

ನಾನು ಕ್ಷೇಮ ಎಂದು ಬರೆದರೆ ಸುಳ್ಳಾದೀತು. ನೀನು ಶನಿವಾರದ ಬಸ್ಸಿಗೇ ಹೊರಟು ಬಾ. ಶಾಲೆಗೆ ರಜೆ ಹಾಕು, ಹೆಡ್‌ಮಾಸ್ತರು ಬೈದರೆ ಬೈಯಲಿ.

ನಮ್ಮ ಫುಟ್ಬಾಲ್ ಆಟದ ವಹಿ ಈಗ ಗಣಿ ಸಾಹೇಬರ ಮೇಜಿನ ಮೇಲಿದೆ. ಎರಡು ವರ್ಷದ ಹಿಂದೆ ಮಳೆಗೆ ಮೈದಾನ ಕೆಸರಾದಾಗ ಹೊತ್ತು ಕಳೆಯಲು ನಾವಿಬ್ಬರೂ ಕಾಗದದ ಮೇಲೆ ಹೂಡಿದ ಆಟ ಅದು. ಗಣಿಯ ಕರಾರು ಕೂಲಿಗಳ ತಂಡದ ಹನ್ನೊಂದು ಜನರಿಗೂ ಒಂದೊಂದು ಹಾಳೆ. ದಾಳದಲ್ಲಿ ಒಂದು ಬಿದ್ದರೆ ಆಟಗಾರನಿಗೆ ಪೆಟ್ಟು. ಆರು ಬಿದ್ದರೆ ಗಟ್ಟಿ, ಮೂರು ತಿಂಗಳ ಕರಾರು ಮುಂದಕ್ಕೆ. ನಿನಗೆ ಚಿಂಚೋಳಿಗೆ ವರ್ಗವಾದ ಮೇಲೂ ನೀನು ಅಲ್ಲಿ ದಾಳ ಉರುಳಿಸಿ ಕಾರ್ಡಿನಲ್ಲಿ ಅಂಕಿ ಕಳಿಸಿದೆ, ನಾನು ಇಲ್ಲಿ ತುಂಬಿದೆ. ಹಾಜರಿ ಬರೆಯುವ ಗುಮಾಸ್ತನ ಕೈ, ಸುಮ್ಮನಿರಬೇಕಲ್ಲ! ಚೆಂದ ಕಾಣಲಿ ಎಂದು ಪ್ರತಿ ಹಾಳೆಗೂ ಗೆರೆ ಎಳೆದು, ತಾರೀಖು ಹಾಕಿ, ಗಣಿಯ ಮೊಹರನ್ನೂ ಒತ್ತಿದ್ದೆ.

ಜೂನಿನಲ್ಲಿ ಬಂದ ಹೊಸ ಸಾಹೇಬರಿಗೆ ಅದು ನನ್ನ ಕಪಾಟಿನಲ್ಲಿ ಸಿಕ್ಕಿತು. ಡಾಕ್ಟರ ದಾಖಲೆ ಎಂದೇ ತಿಳಿದು, ಇಂಥ ಅಚ್ಚುಕಟ್ಟಿನ ಗುಮಾಸ್ತನನ್ನು ಕಂಡಿಲ್ಲ ಎಂದು ಎಲ್ಲರೆದುರು ಹೊಗಳಿದರು. ವಾರವಾರ ತುಂಬಿ ತೋರಿಸು ಎಂದರು. ಏನು ತುಂಬಲಿ? ನಿನ್ನ ಕಾರ್ಡನ್ನೇ ತುಂಬಿದೆ, ನಿನಗೂ ಹೇಳಲಿಲ್ಲ. ಹೊಗಳಿಕೆ ಸಿಹಿಯಾಗಿತ್ತು, ನಿನ್ನ ಮುಂದೆ ಏನು ಮುಚ್ಚಿಡಲಿ.

ಜುಲೈಯಲ್ಲಿ ಸಾಹೇಬರು ಅದನ್ನೇ ನೋಡಿ ನಮ್ಮ ತಂಡದ ಸರ್ದಾರನ ಗಣಿ ಕರಾರು ಮುರಿದರು. ವಹಿಯಲ್ಲಿ ಅವನ ಮೊಣಕಾಲಿಗೆ ಪೆಟ್ಟಿತ್ತು, ಮನುಷ್ಯ ಗುಂಡುಕಲ್ಲಿನಂತಿದ್ದ. ಅವನ ಹೆಂಡತಿ ಅಮೀರ್ಬೀ ನಮ್ಮ ಹೊಸಿಲ ಹೊರಗೇ ನಿಂತು ಕೇಳಿದಳು, “ಅಣ್ಣಾ, ಅವ್ರ ಮೊಣಕಾಲಿಗಿ ಏನೂ ಆಗಿಲ್ಲ. ನೋಡಿದವ್ರು ಯಾರು?” ಡಾಕ್ಟರು ಎಂದುಬಿಟ್ಟೆ. ಗಂಡ ಹೆಂಡತಿ ಈಗ ಸೇಡಂ ಕಡೆ ಕೂಲಿಗೆ ಹೋದರಂತೆ.

ಈಗ ಅಂಬರಾಯ. ಕಳೆದ ರವಿವಾರ ಚಿತ್ತಾಪುರದ ಆಟದಲ್ಲಿ ಅವನ ಬಲಗಾಲು ಹೊರಳಿ, ಪಾದದ ಗಂಟು ಊದಿಕೊಂಡಿದೆ. ಗಣಿಯಲ್ಲಿ ಮದ್ದಿನ ಬತ್ತಿಗೆ ಬೆಂಕಿ ಹಚ್ಚುವ ಕೆಲಸ ಅವನದು. ಹಚ್ಚಿದವನು ಇನ್ನೂರು ಹೆಜ್ಜೆ ಓಡಿ ಬಂಡೆಯ ಮರೆ ಸೇರಬೇಕು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಗುಂಡಿಯಲ್ಲಿ ಬಂಡೆಗೆ ಕೊರೆದು ಮದ್ದು ತುಂಬಿದ ಹದಿನಾಲ್ಕು ತೂತು ಸಿಡಿಸುತ್ತಾರೆ. ಸಾಹೇಬರು ವಹಿ ತೆರೆದರು, ಗಟ್ಟಿ ಎಂದಿತ್ತು, ಸಹಿ ಮಾಡಿದರು.

ಅಂಬರಾಯ ಸರ್ದಾರನ ಗತಿ ಕಂಡವನು. ಕಾಲಿಗೆ ಬಟ್ಟೆ ಬಿಗಿದು ಸಾಹೇಬರೆದುರು ನೆಟ್ಟಗೆ ನಡೆದ. ಹೊರಗೆ ಬಂದು ಗೋಡೆ ಹಿಡಿದು ನನಗೆ ಹೇಳಿದ, “ಗಟ್ಟಿ ಅಂತ ಬರ್ದಿರಿ, ಭಾಳ ಉಪಕಾರ ಆಯ್ತು ಅಣ್ಣಾರ. ಕರಾರು ಹೋದ್ರ ಎಲ್ಲಿಗಿ ಹೋಗ್ಲಿ?” ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಚಹಾ ಕುಡಿಸಿ ಕಳಿಸಿದೆ, ಅಷ್ಟೇ ನನ್ನ ಧೈರ್ಯ.

ನೀನು ಬಾ. ಇದು ದಾಳದ ಆಟ, ಮಕ್ಕಳಾಟ ಎಂದು ಇಬ್ಬರೂ ಸಾಹೇಬರ ಮುಂದೆ ಹೇಳಿಬಿಡೋಣ. ಒಬ್ಬನೇ ಹೇಳಲು ಎರಡು ಸಲ ಅವರ ಬಾಗಿಲತನಕ ಹೋಗಿ ತಿರುಗಿ ಬಂದೆ. ನನ್ನ ನೌಕರಿ ಹೋದರೆ ಹೋಗಲಿ. ನನಗೆ ಭಯವಾಗುತ್ತಿದೆ ಭಗವಂತ.

ನಿನ್ನ ದಾರಿ ಕಾಯುವ,
ಸೂರ್ಯಕಾಂತ

ತಾ.ಕ.: ಇವತ್ತು ರವಿವಾರ ಸಂಜೆ. ಪತ್ರ ಇನ್ನೂ ನನ್ನ ಜೇಬಿನಲ್ಲೇ ಇದೆ. ಓದಿದ ಕೂಡಲೇ ನೀನು ಒಂದು ಮಾತು ಕೇಳುತ್ತಿದ್ದೆ, ಅದಕ್ಕೇ ಅಂಚೆ ಡಬ್ಬಿಗೆ ಹಾಕಲಿಲ್ಲ. ಬುಧವಾರ ಬಂದ ಕಾರ್ಡಿನಲ್ಲಿ ಅಂಬರಾಯನಿಗೆ ನೀನು ಬರೆದ ಅಂಕಿ ಒಂದು, ಅಂದರೆ ಪೆಟ್ಟು. ಇಷ್ಟು ದಿನದಲ್ಲಿ ನಿನ್ನ ದಾಳ ನಿಜ ಹೇಳಿದ್ದು ಅದೊಂದೇ ಸಲ. ವಹಿಯಲ್ಲಿ ಅದನ್ನು ಆರು ಎಂದು ಬರೆದವನು ನಾನು. ಅಂಬರಾಯ ಮನೆಯಲ್ಲಿ ಕೂತರೆ ಬತ್ತಿ ಹಚ್ಚುವ ಪಾಳಿ ನನ್ನ ತಮ್ಮ ಕಾಶಪ್ಪನಿಗೆ ಬರುತ್ತದೆ. ಕಾಶಪ್ಪನ ಕಾಲು ಚೆನ್ನಾಗಿಯೇ ಇದೆ, ಓಡಬಲ್ಲ. ಆದರೂ ಬರೆದೆ. ಅವನು ಈಗ ಒಳಗೆ ಉಣ್ಣಲು ಕೂತಿದ್ದಾನೆ, ನನ್ನನ್ನೂ ಕರೆಯುತ್ತಿದ್ದಾನೆ.