ನಿನ್ನ ಕೈಯಲ್ಲಿದ್ದ ಸಲಿಕೆ

ಕಾಮೆನ್,

ಮಾತು ಬಿಟ್ಟು ಹನ್ನೊಂದು ಚಳಿಗಾಲವಾಯ್ತು. ಯಾವ ಮುಖ ಇಟ್ಟುಕೊಂಡು ಇದನ್ನು ಕಳಿಸಲಿ?

ಇವತ್ತು ತೊದೋರ್ಕಾ ಬೆಟ್ಟದ ಅದೇ ಇಳಿಜಾರಿನ ನೆತ್ತಿಯಲ್ಲಿ, ಹಿಮ ಜಾರೀತೇ ಎಂದು ತಿಳಿಯಲು ಅದನ್ನು ಕಂಬದಂತೆ ಕಡಿದು, ಹಿಮದಡಿ ಹೂತುಹೋದವರನ್ನು ಅಗೆದು ತೆಗೆಯಲೆಂದು ಒಯ್ಯುವ ಸಲಿಕೆಯನ್ನು ಮೇಲಿಟ್ಟು ತಟ್ಟಿ ನೋಡಿದೆ. ಎರಡನೇ ಏಟಿಗೇ ಮೇಲಿನ ಪದರ ಜಾರಿ ಮಡಿಲಿಗೆ ಬಿತ್ತು. "ಇಳಿಯೋದು ಬೇಡ" ಅಂದೆ. "ಅಜ್ಜಿ ಆಗ್ಬಿಟ್ಟೆ ಕಣೇ!" ಅಂತ ಗೆಳತಿ ಯಾನಾ ರೇಗಿಸಿದಳು. ಅಷ್ಟರಲ್ಲಿ ಕಾಲಡಿ 'ಧುಪ್' ಎಂದಿತು. ಎರಡು ಮಾರು ಕೆಳಗೆ ಗೆರೆ ಬಿರಿದು, ಇಡೀ ಇಳಿಜಾರು ಬಿಸಿಲಲ್ಲಿ ಹೊಳೆಯುತ್ತಲೇ ಹೊರಟುಹೋಯಿತು. ಅಂಥ ಚೆಲುವನ್ನು ನಾನು ಕಂಡಿರಲಿಲ್ಲ ಕಣೋ. ಹಿಮದ ಪುಡಿ ಬಂದು ನಮ್ಮಿಬ್ಬರ ರೆಪ್ಪೆ ಮೇಲೆ ಕೂತಿತು.

ನಾವು ಮಾತು ಬಿಟ್ಟ ಅವತ್ತು, ಅಲ್ಲೇ, ನೀನು ಬೇಡ ಅಂದರೂ ನಾನು ಸ್ಕೀ ಹಾಕಿ ಇಳಿದೆ, ಏನೂ ಆಗಲಿಲ್ಲ. ನಾನೇ ಸರಿ ಅಂದುಕೊಂಡೆ, ಇವತ್ತಿನವರೆಗೂ. ಕೆಳಗಿಂದ ತಿರುಗಿ ನೋಡಿದರೆ, ಮೇಲೆ ನೀನು ಸಲಿಕೆ ಜೋಡಿಸಿ ಹಿಡಿದು ನಿಂತಿದ್ದೆ. "ಯಾರಿಗೆ ಕಣೋ ಗುಂಡಿ?" ಎಂದು ನಾನು ಕೂಗಿ ನಕ್ಕೆ.

ನೀನು ಸಲಿಕೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ.